ಜಗಲಿಯನ್ನು ಮುಂದಕ್ಕೆ ಚಾಚುವಾಗ: ಪಾಯದಿಂದ ನೆಲಹಾಸಿನವರೆಗೆ

ಮನೆ ಕಟ್ಟಿ ಎಷ್ಟೋ ವರ್ಷಗಳಾದ ಮೇಲೆ ಜಗಲಿ ವಿಸ್ತರಿಸಿದ ಮನೆಗಳಲ್ಲಿ ಒಂದು ಬಿರುಕು ಆಗಾಗ ಕಾಣಸಿಗುತ್ತದೆ. ಹಳೆಯ ನೆಲವೂ ಹೊಸ ನೆಲವೂ ಸೇರುವಲ್ಲಿ ಗೋಡೆಗುಂಟ ನೇರವಾಗಿ ಹೋದ ಬಿರುಕು. ಅದಕ್ಕೆ ಬಿಳಿ ಸಿಮೆಂಟ್ ತುಂಬುತ್ತಾರೆ. ಮುಂದಿನ ಮಳೆಗಾಲಕ್ಕೆ ಮತ್ತೆ ಬಾಯಿ ಬಿಡುತ್ತದೆ. ಟೈಲ್ಸ್ ಸರಿಯಿಲ್ಲ, ಮೇಸ್ತ್ರಿ ಸರಿಯಿಲ್ಲ ಎಂದು ದೂರು ಶುರುವಾಗುತ್ತದೆ. ಪಾಪ, ಟೈಲ್ಸ್ ಏನು ಮಾಡೀತು? ಹಳೆಯ ಪಾಯದ ಕೆಳಗಿನ ಮಣ್ಣು ಮನೆಯ ಭಾರಕ್ಕೆ ಎಂದೋ ಕುಳಿತು ಗಟ್ಟಿಯಾಗಿದೆ. ಹೊಸ ಪಾಯದ ಕೆಳಗಿನದು ಇನ್ನು ಮೇಲೆ ಕೂರಬೇಕು. ಒಂದು ನಿಂತಿರುವಾಗ ಇನ್ನೊಂದು ಇಳಿದರೆ ನಡುವೆ ಮೆತ್ತಿದ ಸಿಮೆಂಟ್ ಹರಿಯಲೇಬೇಕು.

ಈ ಕೆಲಸದಲ್ಲಿ ಹಣವೂ ಗಮನವೂ ಕಣ್ಣಿಗೆ ಕಾಣುವ ನೆಲಹಾಸಿಗೇ ಹೋಗುವುದು ವಾಡಿಕೆ. ಆದರೆ ಜಗಲಿ ಬಾಳುವುದೋ ಇಲ್ಲವೋ ಎಂಬುದು ಒಳಗೆ ತುಂಬಿದ ಮಣ್ಣಿನ ಮೇಲೂ ಹಳತು ಹೊಸತರ ನಡುವಿನ ಸಂದಿನ ಮೇಲೂ ನಿಂತಿದೆ. ಅದಕ್ಕೇ ಈ ಲೇಖನದಲ್ಲಿ ಅವೆರಡಕ್ಕೆ ಹೆಚ್ಚು ಜಾಗ ಕೊಟ್ಟಿದ್ದೇನೆ.

ಗುದ್ದಲಿ ಮುಟ್ಟುವ ಮುನ್ನ

ನಿವೇಶನದ ಗಡಿಯಿಂದ ಬಿಡಬೇಕಾದ ಜಾಗ ಎಷ್ಟು, ಅನುಮತಿ ಬೇಕೇ ಎಂಬುದನ್ನು ಸ್ಥಳೀಯ ಆಡಳಿತದಲ್ಲಿ ಮೊದಲು ವಿಚಾರಿಸಿ. ಕಟ್ಟಿದ ಮೇಲೆ ಒಡೆಯುವುದು ಕಟ್ಟುವುದಕ್ಕಿಂತ ದುಬಾರಿ. ಮನೆಯ ಮುಂಭಾಗದ ನೆಲದಡಿಯಲ್ಲಿ ನೀರಿನ ಪೈಪು, ಒಳಚರಂಡಿ ಕೊಳವೆ, ವಿದ್ಯುತ್ ಕೇಬಲ್, ಅರ್ತಿಂಗ್ ಗುಂಡಿ ಎಲ್ಲೆಲ್ಲಿವೆ ಎಂದು ಪತ್ತೆ ಮಾಡಿ ಸುಣ್ಣದಲ್ಲಿ ಗುರುತು ಹಾಕಿ. ಚರಂಡಿಯ ಚೇಂಬರ್ ಹೊಸ ಜಗಲಿಯ ಒಳಗೆ ಸಿಗುವುದಾದರೆ ಅದನ್ನು ಹೊರಗೆ ಸ್ಥಳಾಂತರಿಸಿ. ಮುಚ್ಚಳದ ಮೇಲೆ ಟೈಲ್ಸ್ ಹಾಕಿ ಮರೆಮಾಡಿದವರು ಅದು ಕಟ್ಟಿಕೊಂಡ ದಿನ ಸುತ್ತಿಗೆ ಹುಡುಕುತ್ತಾರೆ.

ಹೊಸ ಜಗಲಿಗೆ ಚಾವಣಿ ಬರುತ್ತದೆಯೇ ಎಂಬುದನ್ನೂ ಈಗಲೇ ತೀರ್ಮಾನಿಸಬೇಕು. ಬರೀ ನೆಲವಾದರೆ ಮೂರು ಬದಿಯ ಗಿಡ್ಡ ಪಾಯದ ಗೋಡೆ ಸಾಕು. ಚಾವಣಿ ಬರುವುದಾದರೆ ಕಂಬಗಳಿಗೆ ಪ್ರತ್ಯೇಕ ಬುನಾದಿ ಬೇಕು. ಅದರ ಅಳತೆ ಮತ್ತು ಕಂಬಿಯ ವಿವರವನ್ನು ಇಂಜಿನಿಯರ್ ಹತ್ತಿರ ಬರೆಸಿಕೊಳ್ಳಿ. ತಗಡಿನ ಹಗುರ ಚಾವಣಿಗೆ ಏನು ಮಹಾ ಭಾರ ಎನ್ನುವವರಿದ್ದಾರೆ. ಅಲ್ಲಿ ಭಾರಕ್ಕಿಂತ ಗಾಳಿಯ ಭಯ ಹೆಚ್ಚು. ಮೂರು ಕಡೆ ತೆರೆದ ಜಗಲಿಯೊಳಗೆ ಗಾಳಿ ನುಗ್ಗಿದರೆ ಚಾವಣಿಯನ್ನು ಮೇಲಕ್ಕೆತ್ತುತ್ತದೆ, ಕಂಬದ ಬುಡವನ್ನು ಕೀಳಲು ನೋಡುತ್ತದೆ. ಆದ್ದರಿಂದ ಕಂಬ ಬುನಾದಿಯೊಳಗಿನ ಬೋಲ್ಟ್‌ಗಳಿಗೆ ಬಿಗಿಯಾಗಿ ಕಟ್ಟಿಕೊಂಡಿರಬೇಕು.

ಮಟ್ಟದ ಲೆಕ್ಕ ಮೇಲಿನಿಂದ ಕೆಳಕ್ಕೆ

ಕೆಲಸ ಕೆಳಗಿನಿಂದ ಮೇಲಕ್ಕೆ ಏರುತ್ತದೆ. ಲೆಕ್ಕ ಮಾತ್ರ ಬಾಗಿಲಿನಿಂದ ಕೆಳಕ್ಕೆ ಇಳಿಯಬೇಕು. ಮುಗಿದ ಜಗಲಿಯ ನೆಲ ಮನೆಯೊಳಗಿನ ನೆಲಕ್ಕಿಂತ ಕನಿಷ್ಠ 1 ಇಂಚು, ಸಾಧ್ಯವಾದರೆ 2 ಇಂಚು ತಗ್ಗಿರಲಿ. ಅಲ್ಲಿಂದ ಹೊರಗೆ ಪ್ರತಿ ಮೀಟರಿಗೆ 10ರಿಂದ 12 ಮಿ.ಮೀ. ವಾಟ, ಅಂದರೆ ನೀರು ಹರಿಯುವ ಇಳಿಜಾರು, ಕೊಡಿ. ಎಂಟು ಅಡಿ ಮುಂದಕ್ಕೆ ಚಾಚುವ ಜಗಲಿಯಲ್ಲಿ ಗೋಡೆಯ ಬದಿಗೂ ಹೊರ ಅಂಚಿಗೂ ಹೆಚ್ಚುಕಡಿಮೆ 1 ಇಂಚು ವ್ಯತ್ಯಾಸ ಬರುತ್ತದೆ. ಕಾಲಿಗೆ ತಿಳಿಯುವುದಿಲ್ಲ, ನೀರಿಗೆ ತಿಳಿಯುತ್ತದೆ. ಒರಟು ಕಲ್ಲಿನ ಹಾಸಾದರೆ ಮೀಟರಿಗೆ 15 ಮಿ.ಮೀ.ವರೆಗೆ ಹೋಗಬಹುದು, ಒರಟು ಮೈಯಲ್ಲಿ ನೀರು ನಿಧಾನಕ್ಕೆ ಹರಿಯುವುದರಿಂದ.

ಈಗ ಗೋಡೆಯ ಬದಿಯ ಮುಗಿದ ಮಟ್ಟದಿಂದ ಒಂದೊಂದೇ ಪದರ ಕಳೆಯುತ್ತ ಬನ್ನಿ. ಟೈಲ್ಸ್ 10 ಮಿ.ಮೀ., ಅದರ ಕೆಳಗೆ ಗಾರೆ 30, ಕಾಂಕ್ರೀಟ್ 100, ಕಲ್ಲು ಅಥವಾ ದಪ್ಪ ಜಲ್ಲಿಯ ಹಾಸು 150. ಒಟ್ಟು 290 ಮಿ.ಮೀ., ಅಂದರೆ ಒಂದು ಅಡಿಗೆ ಸ್ವಲ್ಪ ಕಡಿಮೆ. ಮಣ್ಣು ತುಂಬಿ ಗಟ್ಟಿ ಮಾಡಿದ ಮಟ್ಟ ಇದರ ಕೆಳಗೆ ನಿಲ್ಲಬೇಕು. ಈ ಗೆರೆಗಳನ್ನೆಲ್ಲ ಹಳೆಯ ಗೋಡೆಯ ಮೇಲೇ ಪೆನ್ಸಿಲ್‌ನಲ್ಲಿ ಎಳೆದಿಡಿ. ಗೆರೆ ಇಲ್ಲದಿದ್ದರೆ ಪ್ರತಿ ಪದರವೂ ಅರ್ಧರ್ಧ ಇಂಚು ಏರಿ, ಕೊನೆಗೆ ಜಗಲಿ ಹೊಸ್ತಿಲಿಗೆ ಸಮನಾಗಿ ಬಂದು ನಿಲ್ಲುತ್ತದೆ.

ಹಳೆಯ ಮನೆಯ ಗೋಡೆಯಲ್ಲಿ ತೇವ ತಡೆಯುವ ಪದರ ಯಾವ ಎತ್ತರದಲ್ಲಿದೆ ಎಂದೂ ನೋಡಿಕೊಳ್ಳಿ. ಹೊಸ ಜಗಲಿಯ ಮಣ್ಣೋ ಕಾಂಕ್ರೀಟೋ ಅದನ್ನು ದಾಟಿ ಮೇಲೆ ಗೋಡೆಗೆ ತಾಗಿದರೆ, ನೆಲದ ತೇವ ಆ ದಾರಿ ಹಿಡಿದು ಒಳಗೋಡೆಗೆ ಏರುತ್ತದೆ. ಮಟ್ಟ ತಗ್ಗಿಸಲು ಸಾಧ್ಯವೇ ಇಲ್ಲದಿದ್ದರೆ, ತಾಗುವಷ್ಟು ಗೋಡೆಗೆ ಜಲನಿರೋಧಕ ಲೇಪನ ಮಾಡಿಸಿ ನಂತರ ಮುಂದುವರಿಯಿರಿ.

ಗುರುತು ಹಾಕಿ ಪಾಯ ತೋಡುವುದು

ಮೂಲೆ ಮಟ್ಟಕ್ಕೆ ಹಳೆಯ ಲೆಕ್ಕವೇ ಸಾಕು: ಗೋಡೆಯ ಮೇಲೆ 3 ಅಡಿ, ಹೊರಕ್ಕೆ ಎಳೆದ ದಾರದ ಮೇಲೆ 4 ಅಡಿ ಗುರುತಿಸಿ, ಎರಡು ಗುರುತುಗಳ ನಡುವೆ ಓರೆಯಾಗಿ ಸರಿಯಾಗಿ 5 ಅಡಿ ಬಂದರೆ ಮೂಲೆ ನೇರವಾಗಿದೆ. ಜಾಗ ಇದ್ದರೆ 6, 8, 10 ಅಡಿಯಲ್ಲಿ ಅಳೆಯಿರಿ, ತಪ್ಪು ಬೇಗ ಸಿಕ್ಕಿಬೀಳುತ್ತದೆ. ದಾರದ ಗೂಟಗಳನ್ನು ಪಾಯದ ಸಾಲಿನಿಂದ ಎರಡು ಮೂರು ಅಡಿ ಆಚೆಗೆ ನೆಡಬೇಕು, ಇಲ್ಲವಾದರೆ ತೋಡುವಾಗ ಅವೇ ಮೊದಲು ಕಿತ್ತುಬರುತ್ತವೆ.

ಎಷ್ಟು ಆಳ? ಕಪ್ಪು ಮೇಲ್ಮಣ್ಣು, ಬೇರು, ಹಳೆಯ ಕಟ್ಟಡದ ಕಸ ಎಲ್ಲ ಕಳೆದು, ಹಾರೆ ಬಿಟ್ಟರೆ ಠಣ್ಣೆನ್ನುವ ಮೂಲ ಮಣ್ಣು ಸಿಗುವವರೆಗೆ. ಗಿಡ್ಡ ಗೋಡೆಗೆ ಸಾಧಾರಣ ಗಟ್ಟಿ ನೆಲದಲ್ಲಿ ಒಂದೂವರೆಯಿಂದ ಎರಡು ಅಡಿಗೆ ಅದು ಸಿಗಬಹುದು. ತುಂಬಿದ ನೆಲವಾದರೆ ಎಷ್ಟು ಆಳಕ್ಕಾದರೂ ಹೋಗಬೇಕಾದೀತು. ಒಣಗಿದಾಗ ಬಿರಿದು ಮಳೆಗೆ ಉಬ್ಬುವ ಎರೆ ಮಣ್ಣಿನ ಮಾತೇ ಬೇರೆ. ಅದು ಋತುವಿಗೊಮ್ಮೆ ಉಸಿರಾಡುತ್ತದೆ. ತೇವದ ಏರಿಳಿತ ತಲುಪದ ಆಳಕ್ಕೆ ಪಾಯ ಇಳಿಯಬೇಕು, ಅದು 5 ಅಡಿಯೂ ಆಗಬಹುದು, ಅದಕ್ಕಿಂತ ಹೆಚ್ಚೂ ಆಗಬಹುದು. ಅಂಥ ನೆಲದಲ್ಲಿ ಇಂಜಿನಿಯರ್‌ಗೆ ಕೊಡುವ ಶುಲ್ಕ ಉಳಿತಾಯವೆಂದೇ ತಿಳಿಯಿರಿ. ನೆಲ ಹೆಪ್ಪುಗಟ್ಟುವಷ್ಟು ಚಳಿಯ ಪ್ರದೇಶವಾದರೆ ಹಿಮಗಟ್ಟುವ ಆಳಕ್ಕಿಂತ ಕೆಳಗೆ ಇಳಿಯಬೇಕು.

ಹೊಸ ಪಾಯದ ಸಾಲು ಹಳೆಯ ಮನೆಗೆ ಹೋಗಿ ತಾಗುವ ಜಾಗದಲ್ಲಿ ಕೈ ಹಗುರವಿರಲಿ. ಹಳೆಯ ಪಾಯ ಗೋಡೆಗಿಂತ ಅಗಲವಾಗಿ ಮೆಟ್ಟಿಲು ಮೆಟ್ಟಿಲಾಗಿ ಹೊರಗೆ ಚಾಚಿರುತ್ತದೆ. ‘ಅಡ್ಡ ಬರುತ್ತಿದೆ’ ಎಂದು ಅದನ್ನು ಒಡೆಯಲು ಬಿಡಬೇಡಿ, ಮನೆಯ ಭಾರ ಅದರ ಮೇಲೆ ನಿಂತಿದೆ. ಹಳೆಯ ಪಾಯದ ತಳಕ್ಕಿಂತ ಕೆಳಗೆ ಅದರ ಪಕ್ಕದಲ್ಲೇ ತೋಡುವಂತೆಯೂ ಇಲ್ಲ. ಇನ್ನೂ ಆಳಕ್ಕೆ ಹೋಗಲೇಬೇಕಾದರೆ, ಎಷ್ಟು ಆಳ ಹೆಚ್ಚೋ ಕನಿಷ್ಠ ಅಷ್ಟೇ ದೂರ ಹಳೆಯ ಪಾಯದಿಂದ ಸರಿಯಬೇಕು. ತೋಡಿದ ಗುಂಡಿಯನ್ನು ಮಳೆಗೆ ಬಿಡಬೇಡಿ. ನೀರು ನಿಂತು ತಳ ಕೆಸರಾದರೆ ಆ ಕೆಸರನ್ನು ಪೂರ್ತಿ ತೆಗೆದು ಗಟ್ಟಿ ಮಣ್ಣು ಕಂಡ ಮೇಲೆಯೇ ಕಾಂಕ್ರೀಟ್ ಹಾಕಬೇಕು.

ಪಾಯ ಕಟ್ಟುವುದು

ಇದು ಮೇಸ್ತ್ರಿಗಳಿಗೆ ಕೈವಶವಾದ ಕೆಲಸ, ಬೇಗ ಹೇಳಿ ಮುಗಿಸುತ್ತೇನೆ. ತಳವನ್ನು ನೀರು ಚಿಮುಕಿಸಿ ಗುದ್ದಿ, 4ರಿಂದ 6 ಇಂಚು ದಪ್ಪಕ್ಕೆ 1:4:8 ಅನುಪಾತದ (ಕ್ರಮವಾಗಿ ಸಿಮೆಂಟ್, ಮರಳು, ಜಲ್ಲಿ) ಬೆಡ್ ಕಾಂಕ್ರೀಟ್ ಹಾಕುತ್ತಾರೆ. ಅದರ ಮೇಲೆ ಸೈಜುಗಲ್ಲು ಅಥವಾ ಗಟ್ಟಿ ಕಾಂಕ್ರೀಟ್ ಬ್ಲಾಕಿನ ಗೋಡೆ, 1:6 ಗಾರೆಯಲ್ಲಿ. ಕಲ್ಲಿನ ನಡುವಿನ ಪೊಳ್ಳನ್ನು ಚಿಕ್ಕ ಕಲ್ಲು ಮತ್ತು ಗಾರೆಯಿಂದ ತುಂಬುತ್ತಿದ್ದಾರೆಯೇ, ಅಥವಾ ಒಣ ಚಕ್ಕೆ ತುರುಕಿ ಮೇಲೆ ಗಾರೆ ಸವರುತ್ತಿದ್ದಾರೆಯೇ ಎಂದು ಒಮ್ಮೆ ಬಗ್ಗಿ ನೋಡಿ. ಗೋಡೆಯ ತಲೆಯ ಮೇಲೆ 1:1.5:3 ಕಾಂಕ್ರೀಟಿನ, ಕಂಬಿ ಕಟ್ಟಿದ ಪ್ಲಿಂತ್ ಪಟ್ಟಿ ಇರಲಿ. ಮಣ್ಣು ಅಲ್ಲಲ್ಲಿ ಸ್ವಲ್ಪ ಕುಸಿದರೂ ಮೂರೂ ಬದಿಯ ಗೋಡೆಯನ್ನು ಒಟ್ಟಿಗೆ ಹಿಡಿದಿಡುವುದು ಈ ಪಟ್ಟಿಯೇ.

ಹೊಸ ಗೋಡೆ ಹಳೆಯ ಮನೆಯನ್ನು ಸೇರುವಲ್ಲಿ ಮೇಸ್ತ್ರಿ ಒಂದು ಸಲಹೆ ಕೊಡುವ ಸಂಭವ ಹೆಚ್ಚು: ಹಳೆಯ ಗೋಡೆಯಲ್ಲಿ ಹಲ್ಲು ಕಡಿದು ಹೊಸ ಕಲ್ಲನ್ನು ಕಚ್ಚಿಸೋಣ, ಆಗ ಎರಡೂ ಒಂದಾಗುತ್ತವೆ. ಒಂದೇ ಪಾಯದ ಮೇಲೆ ನಿಂತ ಗೋಡೆಗಳಿಗೆ ಅದು ಸರಿಯಾದ ಮಾತು. ಇಲ್ಲಿ ಪಾಯ ಎರಡು, ವಯಸ್ಸು ಎರಡು. ಕಚ್ಚಿಸಿದರೆ ಹೊಸ ಗೋಡೆ ಇಳಿಯುವಾಗ ಹಳೆಯದನ್ನೂ ಎಳೆದು ಬಿರುಕು ಬಿಡಿಸುತ್ತದೆ. ಇಂಜಿನಿಯರ್ ಕೂಡಿಸಬೇಕೆಂದು ವಿನ್ಯಾಸ ಮಾಡಿ ಕೊಟ್ಟಿದ್ದರೆ ಬೇರೆ ಮಾತು. ಇಲ್ಲವಾದರೆ ನಡುವೆ 12ರಿಂದ 20 ಮಿ.ಮೀ. ಸಂದು ಬಿಟ್ಟು, ಅದರಲ್ಲಿ ಡಾಂಬರು ಹೀರಿಸಿದ ನಾರಿನ ಹಲಗೆ ಅಥವಾ ಥರ್ಮಾಕೋಲ್ ಹಾಳೆ ನಿಲ್ಲಿಸಿ ಕಟ್ಟಿ. ಈ ಸಂದು ಪಾಯದ ಗೋಡೆಯಿಂದ ಹಿಡಿದು ಕಾಂಕ್ರೀಟ್, ಗಾರೆ, ಟೈಲ್ಸ್‌ವರೆಗೆ ಒಂದೇ ಗೆರೆಯಲ್ಲಿ ಮೇಲೆ ಬರಬೇಕು. ಎಲ್ಲೋ ಒಂದು ಪದರದಲ್ಲಿ ಗಾರೆ ಅದರೊಳಗೆ ಬಿದ್ದು ಗಟ್ಟಿಯಾದರೂ ಸಂದು ಬಿಟ್ಟ ಶ್ರಮ ವ್ಯರ್ಥ.

ಮಣ್ಣು ತುಂಬುವುದು

ಇಲ್ಲಿ ನಿಧಾನಿಸಿ. ಹೊಸ ಜಗಲಿಯ ನೆಲ ಕುಸಿಯುವುದು ಹೆಚ್ಚಾಗಿ ಹೊರ ಅಂಚಿನಲ್ಲಿ ಎಂದು ಹಲವರು ಭಾವಿಸುತ್ತಾರೆ. ಆದರೆ ಮನೆಗೆ ತಾಗಿದ ಎರಡು ಮೂರು ಅಡಿಯ ಪಟ್ಟಿಯಲ್ಲೂ ಕುಸಿತ ಕಾದಿರುತ್ತದೆ. ಕಾರಣ ಸರಳ. ಮನೆ ಕಟ್ಟುವಾಗ ಪಾಯಕ್ಕೆ ಗೋಡೆಗಿಂತ ಅಗಲವಾಗಿ ತೋಡಿರುತ್ತಾರೆ. ಕಟ್ಟಿದ ಮೇಲೆ ಉಳಿದ ಜಾಗಕ್ಕೆ ಅದೇ ಮಣ್ಣನ್ನು, ಜೊತೆಗೆ ಇಟ್ಟಿಗೆ ಚೂರು, ಸಿಮೆಂಟ್ ಚೀಲ, ಮರದ ತುಂಡು ಸೇರಿಸಿ ತಳ್ಳಿರುತ್ತಾರೆ. ಮೇಲೆ ಹುಲ್ಲು ಬೆಳೆದು ಗಟ್ಟಿ ನೆಲದಂತೆ ಕಾಣುತ್ತದೆ, ಒಳಗೆ ಪೊಳ್ಳು. ಹೊಸ ಕಾಂಕ್ರೀಟ್ ಅದರ ಮೇಲೆ ಕೂತು ಕುಸಿದರೆ ನೀವು ಲೆಕ್ಕ ಹಾಕಿ ಕೊಟ್ಟ ವಾಟ ತಿರುಗುಮುರುಗಾಗಿ, ಮಳೆನೀರು ಮನೆಯ ಗೋಡೆಯತ್ತಲೇ ಬರುತ್ತದೆ. ಬಿರುಕಿಗಿಂತ ಇದು ಕೆಟ್ಟದ್ದು.

ಆ ಪಟ್ಟಿಯಲ್ಲಿ 12 ಮಿ.ಮೀ. ಕಂಬಿಯನ್ನು ಕೈಯಲ್ಲಿ ಒತ್ತಿ ನೋಡಿ. ನೆಲ ಒದ್ದೆಯಿಲ್ಲದಾಗಲೂ ಸಲೀಸಾಗಿ ಒಂದು ಅಡಿ ಇಳಿದರೆ ಆ ಸಡಿಲ ಮಣ್ಣನ್ನು ತೆಗೆಯಲೇಬೇಕು. ಹಳೆಯ ಪಾಯದ ತಳಕ್ಕೆ ಹೋಗದೆ, ನಾಲ್ಕು ನಾಲ್ಕು ಅಡಿಯ ತುಂಡುಗಳಾಗಿ ತೋಡಿ, ಒಂದನ್ನು ತುಂಬಿ ಗುದ್ದಿದ ಮೇಲೆ ಮುಂದಿನದಕ್ಕೆ ಕೈ ಹಾಕಿ. ಮನೆಯ ಉದ್ದಕ್ಕೂ ಒಂದೇ ಸಲ ತೆರೆದಿಡುವುದು ಅಪಾಯ.

ತುಂಬಲು ಗರಸು ಮಣ್ಣು ಒಳ್ಳೆಯದು. ಜಲ್ಲಿಪುಡಿ, ಮರಳೂ ಆದೀತು. ಜೇಡಿಮಣ್ಣು, ಎರೆ ಮಣ್ಣು, ತೋಟದ ಫಲವತ್ತಾದ ಮಣ್ಣು ಬೇಡ. ಒಡೆದ ಕಟ್ಟಡದ ಕಸ ತುಂಬುವುದಾದರೆ ಮರ, ಕಾಗದ, ಜಿಪ್ಸಂ ಒಂದು ಚೂರೂ ಇರಬಾರದು. ಮರ ಕೊಳೆತರೆ ಪೊಳ್ಳಾಗುತ್ತದೆ, ಅದಕ್ಕೂ ಮೊದಲು ಗೆದ್ದಲಿಗೆ ಆಹ್ವಾನ. 6 ಇಂಚಿಗಿಂತ ದಪ್ಪ ಪದರ ಹಾಕಬೇಡಿ. ಪ್ರತಿ ಪದರಕ್ಕೂ ನೀರು ಚಿಮುಕಿಸಿ ಯಂತ್ರದಿಂದಲೋ ದಿಮ್ಮಸಿನಿಂದಲೋ ಗುದ್ದಬೇಕು. ತೇವ ಎಷ್ಟಿರಬೇಕೆಂದರೆ, ಒಂದು ಹಿಡಿ ಮಣ್ಣು ಹಿಂಡಿದರೆ ಉಂಡೆಯಾಗಿ ನಿಲ್ಲಬೇಕು, ಕೈಗೆ ಕೆಸರು ಅಂಟಬಾರದು. ಎರಡು ಅಡಿ ಮಣ್ಣು ಒಟ್ಟಿಗೆ ಸುರಿದು ಪೈಪಿನಲ್ಲಿ ನೀರು ಬಿಟ್ಟು ‘ತಾನೇ ಕೂತುಕೊಳ್ಳುತ್ತದೆ’ ಎನ್ನುವ ಪದ್ಧತಿ ಮರಳಿಗೆ ಅಷ್ಟಿಷ್ಟು ಹೊಂದೀತು, ಮಣ್ಣಿಗಲ್ಲ. ಮಣ್ಣಿನ ಮೇಲ್ಭಾಗ ಕೂತು ಕೆಳಗೆ ಪೊಳ್ಳು ಉಳಿಯುತ್ತದೆ.

ಗುದ್ದಿದ ಮೇಲೆ ಅದೇ ಕಂಬಿಯ ಪರೀಕ್ಷೆ ಮಾಡಿ. ಒಂದೆರಡು ಇಂಚಿಗೇ ನಿಂತರೆ ಪದರ ಮುಗಿದಂತೆ. ಗೆದ್ದಲಿನ ಕಾಟವಿರುವ ಜಾಗವಾದರೆ ಔಷಧ ಸಿಂಪಡಿಸುವುದು ಈ ಹಂತದಲ್ಲಿ. ಮಳೆ ಬರುವ ದಿನ ಬೇಡ.

ನೆಲದ ಕಾಂಕ್ರೀಟ್

ಗಟ್ಟಿ ಮಾಡಿದ ಮಣ್ಣಿನ ಮೇಲೆ 6 ಇಂಚು ಕಲ್ಲು ಅಥವಾ ದಪ್ಪ ಜಲ್ಲಿ ಹಾಸಿ, ಸಂದುಗಳಿಗೆ ಮರಳು ತುಂಬಿ ಮತ್ತೆ ಗುದ್ದಿ. ಮೇಲೆ ತೆಳುವಾಗಿ ಮರಳು ಹರಡಿ, ದಪ್ಪ ಪಾಲಿಥೀನ್ ಹಾಳೆ ಹಾಸಿ. ಹಾಳೆಗಳು ಒಂದರ ಮೇಲೊಂದು ಅರ್ಧ ಅಡಿಯಾದರೂ ಹಾಯ್ದಿರಲಿ. ಕೆಳಗಿನ ತೇವ ಮೇಲೆ ಬಂದು ಕಲ್ಲಿನ ನೆಲದಲ್ಲಿ ಬಿಳಿ ಉಪ್ಪಿನ ಕಲೆ ಮೂಡುವುದನ್ನು ಈ ಅಗ್ಗದ ಹಾಳೆ ಬಹಳ ಮಟ್ಟಿಗೆ ತಡೆಯುತ್ತದೆ.

ಕಾಂಕ್ರೀಟ್ 4 ಇಂಚು ದಪ್ಪ, 1:2:4 ಅನುಪಾತ. ಕಾರು ನಿಲ್ಲಿಸುವ ಪೋರ್ಟಿಕೊ ಆದರೆ 5ರಿಂದ 6 ಇಂಚು, ಇನ್ನೂ ಬಲವಾದ ಮಿಶ್ರಣ. 3 ಮೀಟರ್ ಉದ್ದ, 2.4 ಮೀಟರ್ ಅಗಲ, 0.1 ಮೀಟರ್ ದಪ್ಪ ಎಂದುಕೊಂಡರೆ 0.72 ಘನ ಮೀಟರ್ ಕಾಂಕ್ರೀಟ್ ಬೇಕು. ಅದಕ್ಕೆ 50 ಕಿಲೋದ ಸುಮಾರು 5 ಚೀಲ ಸಿಮೆಂಟ್, 0.32 ಘನ ಮೀಟರ್ ಮರಳು, 0.64 ಘನ ಮೀಟರ್ 20 ಮಿ.ಮೀ. ಜಲ್ಲಿ. ನೀರು ಚೀಲಕ್ಕೆ 25ರಿಂದ 27 ಲೀಟರ್, ಮರಳು ಒದ್ದೆಯಿದ್ದರೆ ಅದಕ್ಕಿಂತ ಕಡಿಮೆ. ಸುರಿಯಲು ಸುಲಭವಾಗಲೆಂದು ಪೈಪು ಹಿಡಿದು ತೆಳುವಾಗಿಸುವುದನ್ನು ಕಂಡರೆ ತಡೆಯಿರಿ. ಹೆಚ್ಚಾದ ನೀರು ಆವಿಯಾಗಿ ಹೋಗುವಾಗ ಬಿರುಕನ್ನೂ ಪುಡಿಪುಡಿಯಾಗುವ ಮೇಲ್ಮೈಯನ್ನೂ ಬಿಟ್ಟುಹೋಗುತ್ತದೆ.

ಕಂಬಿಯ ಜಾಲರಿ ಹಾಕುವುದಾದರೆ ಅದು ಕಾಂಕ್ರೀಟಿನ ಮೇಲಿನ ಅರ್ಧದಲ್ಲಿ ಇರಬೇಕು, ಕೆಳಗೆ ಕವರ್ ಬ್ಲಾಕ್ (ಕಂಬಿಯನ್ನು ಎತ್ತಿ ಹಿಡಿಯುವ ಸಣ್ಣ ತುಂಡು) ಇಟ್ಟು. ಪಾಲಿಥೀನ್ ಮೇಲೆ ಮಲಗಿಸಿ ‘ಸುರಿದ ಮೇಲೆ ಕೊಕ್ಕೆಯಲ್ಲಿ ಎತ್ತುತ್ತೇವೆ’ ಎನ್ನುತ್ತಾರೆ. ಎತ್ತಿದ್ದು ಮತ್ತೆ ಕಾಲಡಿ ಸಿಕ್ಕಿ ಕೆಳಗೇ ಹೋಗುತ್ತದೆ. ಜಗಲಿ 10 ಅಡಿಗಿಂತ ಉದ್ದವಿದ್ದರೆ ಪ್ರತಿ 8ರಿಂದ 10 ಅಡಿಗೊಂದು ಅಡ್ಡ ಗೆರೆ ಕೊಯ್ಯಿಸಿ. ಆಳ 1 ಇಂಚು, ಹಾಕಿದ ಮರುದಿನದೊಳಗೆ. ಕಾಂಕ್ರೀಟ್ ಕುಗ್ಗುವಾಗ ಬಿರುಕು ಬರುವುದೇ ಆದರೆ ಆ ಗೆರೆಯಡಿ ಬರಲಿ ಎಂಬುದು ಉದ್ದೇಶ. ವಾಟವನ್ನು ಕಾಂಕ್ರೀಟಿನಲ್ಲೇ ಕೊಟ್ಟುಬಿಡಿ. ಅದನ್ನು ಗಾರೆಯಲ್ಲಿ ಸರಿಮಾಡಲು ಹೋದರೆ ಒಂದು ಕಡೆ ಗಾರೆ 2 ಇಂಚು, ಇನ್ನೊಂದು ಕಡೆ ಅರ್ಧ ಇಂಚು ಆಗಿ, ಒಣಗುವುದರಲ್ಲೂ ವ್ಯತ್ಯಾಸ ಬರುತ್ತದೆ.

ಮೇಲ್ಮೈ ಗಟ್ಟಿಯಾದ ಕೂಡಲೇ ಒದ್ದೆ ಗೋಣಿ ಹೊದಿಸಿ ಕನಿಷ್ಠ 7 ದಿನ ತೇವವಾಗಿಡಿ. ಚೀಲದ ಮೇಲೆ ಪೋಜೋಲಾನ ಅಥವಾ ಸ್ಲಾಗ್ ಸಿಮೆಂಟ್ ಎಂದು ಬರೆದಿದ್ದರೆ 10 ದಿನ. ಬೆಳಿಗ್ಗೆ ಸಂಜೆ ಎರಡು ಬಕೆಟ್ ಎರಚಿ ಮಧ್ಯಾಹ್ನ ಬಿಸಿಲಿಗೆ ಒಣಗಲು ಬಿಟ್ಟರೆ ತೇವವಿಟ್ಟಂತಾಗುವುದಿಲ್ಲ.

ನೆಲಹಾಸು

ಕಾಂಕ್ರೀಟ್ 28 ದಿನ ಕಳೆದ ಮೇಲೆ ಟೈಲ್ಸ್ ಹಾಕಿದರೆ ಉತ್ತಮ. ಅದರ ಆರಂಭದ ಕುಗ್ಗುವಿಕೆಯ ಒಂದು ಭಾಗ ಅಷ್ಟರಲ್ಲಿ ಆಗಿಹೋಗಿರುತ್ತದೆ. ಆಯ್ಕೆಯಲ್ಲಿ ಒಂದೇ ಹಟ ಹಿಡಿಯಿರಿ: ಹೊಳಪು ಬೇಡ. ಅಂಗಡಿಯಲ್ಲಿ ಮಿಂಚುವ ಟೈಲ್ಸ್ ಮಳೆಯಲ್ಲಿ ಕಾಲು ಜಾರಿಸುತ್ತದೆ. ಮಾದರಿ ತುಂಡಿನ ಮೇಲೆ ನೀರು ಸುರಿದು ಬರಿಗಾಲಲ್ಲಿ ಉಜ್ಜಿ ನೋಡಿಯೇ ಕೊಳ್ಳಿ. ಒರಟು ಮಾಡಿದ ಗ್ರಾನೈಟ್, ಮ್ಯಾಟ್ ವಿಟ್ರಿಫೈಡ್, ಸಿಮೆಂಟ್ ಟೈಲ್ಸ್ ಯಾವುದೂ ಆದೀತು. ಬಿಸಿಲು ಬೀಳುವ ಜಗಲಿಗೆ ಕಡು ಬಣ್ಣ ಬೇಡ, ಮಧ್ಯಾಹ್ನ ಕಾಲಿಡಲಾಗುವುದಿಲ್ಲ.

ದಪ್ಪ ಕಲ್ಲಿಗೆ 30 ಮಿ.ಮೀ. ಆಸುಪಾಸಿನ ಗಾರೆ, ಅದರ ಮೇಲೆ ಸಿಮೆಂಟ್ ಹಾಲು. ವಿಟ್ರಿಫೈಡ್ ಟೈಲ್ಸ್ ನೀರು ಹೀರುವುದಿಲ್ಲವಾದ್ದರಿಂದ ಬರೀ ಸಿಮೆಂಟಿಗೆ ಸರಿಯಾಗಿ ಹಿಡಿಯದು. ಪಾಲಿಮರ್ ಬೆರೆತ ಟೈಲ್ ಅಂಟನ್ನೇ ಬಳಸಿ. ಅಂಟಿಗೆ ಮಟ್ಟಸವಾದ ನೆಲ ಬೇಕಾದ್ದರಿಂದ ಕಾಂಕ್ರೀಟಿನ ಮೇಲೆ ಮೊದಲು ಗಾರೆಯ ಪದರ ಎಳೆದು ಒಣಗಿಸಿಕೊಳ್ಳಬೇಕಾಗುತ್ತದೆ. ಅಂಟನ್ನು ಹಲ್ಲಿನ ಕರಣೆಯಿಂದ ಒಂದೇ ದಿಕ್ಕಿಗೆ ಎಳೆದು ಟೈಲ್ಸ್ ಕೂರಿಸಬೇಕು. ನಾಲ್ಕು ಮೂಲೆಗೆ ನಾಲ್ಕು ಉಂಡೆ, ನಡುವೆ ಒಂದು ಉಂಡೆ ಇಟ್ಟು ಒತ್ತುವುದು ವೇಗದ ಕೆಲಸ, ಆದರೆ ಉಂಡೆಗಳ ನಡುವಿನ ಪೊಳ್ಳಿಗೆ ಮಳೆನೀರು ಇಳಿದು ನಿಲ್ಲುತ್ತದೆ. ಮೊದಲ ಒಂದೆರಡು ಟೈಲ್ಸ್ ಕೂರಿಸಿದ ಕೂಡಲೇ ಎತ್ತಿ ಹಿಂಬದಿ ನೋಡಿ. ಹೊರಾಂಗಣದಲ್ಲಿ ಶೇ. 95ರಷ್ಟು ಭಾಗಕ್ಕೆ ಅಂಟು ಹತ್ತಿರಬೇಕು.

ಪೂರ್ತಿ ಟೈಲ್ಸ್ ಮೆಟ್ಟಿಲಿನ ಬದಿಯ ಅಂಚಿನಿಂದ ಶುರುವಾಗಲಿ, ಕತ್ತರಿಸಿದ ತುಂಡು ಗೋಡೆಯ ಬದಿಗೆ ಹೋಗಲಿ. ನಡುವೆ ಕನಿಷ್ಠ 3 ಮಿ.ಮೀ. ಸಂದು ಬಿಡಿ, ಬಿಸಿಲಿಗೆ ಹಿಗ್ಗಲು ಅಷ್ಟು ಜಾಗ ಬೇಕು. ಒಂದಕ್ಕೊಂದು ಅಂಟಿಸಿ ಹಾಕಿದ ನೆಲ ಬೇಸಿಗೆಯಲ್ಲಿ ಡೇರೆಯಂತೆ ಎದ್ದು ನಿಂತದ್ದುಂಟು. ಮರುದಿನ ಸಂದು ತುಂಬುವ ಮುನ್ನ ನಾಣ್ಯದಿಂದ ಪ್ರತಿ ಟೈಲ್ಸನ್ನೂ ತಟ್ಟಿ ನೋಡಿ. ಪೊಳ್ಳು ಸದ್ದು ಬಂದದ್ದನ್ನು ಆಗಲೇ ತೆಗೆಸಿ. ಸಂದು ತುಂಬಿದ ಮೇಲೆ ಒಂದು ತೆಗೆಯಲು ಹೋಗಿ ನಾಲ್ಕು ಒಡೆಯುತ್ತವೆ.

ಹಳತು ಹೊಸತರ ನಡುವಿನ ಸಂದಿನ ಮೇಲೆ ಯಾವ ಟೈಲ್ಸೂ ಅಡ್ಡ ಹಾಯಬಾರದು. ಟೈಲ್ಸ್ ಎರಡೂ ಬದಿಯಲ್ಲಿ ನಿಂತ ಮೇಲೆ ಸಂದಿನಲ್ಲಿ ನಿಲ್ಲಿಸಿದ್ದ ಹಲಗೆಯ ಅಥವಾ ಹಾಳೆಯ ಮೇಲ್ತುದಿಯನ್ನು ಸ್ವಲ್ಪ ಕೆತ್ತಿ, ಫೋಮ್ ಹಗ್ಗ ಒತ್ತಿ ಕೂರಿಸಿ, ಅದರ ಮೇಲೆ ಪಾಲಿಯುರೆಥೇನ್ ಅಥವಾ ಪಾಲಿಸಲ್ಫೈಡ್ ಸೀಲಂಟ್ (ರಬ್ಬರಿನಂತೆ ಹಿಗ್ಗುವ ಅಂಟು) ತುಂಬಿ. ಅದರ ಆಳ ಸಂದಿನ ಅಗಲದ ಅರ್ಧದಷ್ಟಿದ್ದರೆ ಸಾಕು. ಸೀಲಂಟ್ ಎರಡು ಪಕ್ಕಕ್ಕೆ ಮಾತ್ರ ಅಂಟಿ ತಳಕ್ಕೆ ಅಂಟದಿರಲೆಂದೇ ಫೋಮ್ ಹಗ್ಗ. ತಳಕ್ಕೂ ಅಂಟಿದರೆ ಎಳೆದಾಗ ಹಿಗ್ಗಲಾರದೆ ಹರಿಯುತ್ತದೆ. ಟೈಲ್ಸಿನ ಅಂಚು ಒಣಗಿರಬೇಕು, ಧೂಳಿರಬಾರದು. ಅಂದ ಕೆಡುತ್ತದೆ ಎನಿಸಿದರೆ ಟೈಲ್ಸಿನ ಬಣ್ಣಕ್ಕೆ ಹೊಂದುವ ಸೀಲಂಟ್ ಸಿಗುತ್ತದೆ.

ಮೆಟ್ಟಿಲು, ಅಂಚು, ನೀರು

ಮೆಟ್ಟಿಲಿನ ಎತ್ತರ 6 ಇಂಚು, ಅಗಲ 12 ಇಂಚು ಇದ್ದರೆ ವಯಸ್ಸಾದವರಿಗೂ ಹತ್ತಲು ಸುಲಭ. ಎಲ್ಲ ಮೆಟ್ಟಿಲುಗಳ ಎತ್ತರ ಸಮನಾಗಿರಬೇಕು, ಟೈಲ್ಸ್ ಹಾಕಿದ ನಂತರದ ಲೆಕ್ಕದಲ್ಲಿ. ಕೊನೆಯ ಮೆಟ್ಟಿಲು ಮಾತ್ರ 4 ಇಂಚಾದರೆ ಇಳಿಯುವವರು ಮುಗ್ಗರಿಸುತ್ತಾರೆ. ಗಾಲಿಕುರ್ಚಿ ಓಡಾಡಬೇಕಿದ್ದರೆ ಇಳಿಜಾರಿನ ಪ್ರಮಾಣ 1:12, ಅಂದರೆ ಒಂದು ಅಡಿ ಏರಲು 12 ಅಡಿ ಉದ್ದ. ಮೆಟ್ಟಿಲಿಗೂ ಬೆಡ್ ಕಾಂಕ್ರೀಟ್ ಹಾಕಿ. ಅಂಗಳದ ಮಣ್ಣಿನ ಮೇಲೆ ಸುಮ್ಮನೆ ಇಟ್ಟಿಗೆ ಜೋಡಿಸಿದರೆ ಅದೂ ಬೇರೆಯಾಗಿ ಇಳಿಯುತ್ತದೆ. ಜಗಲಿಯ ಹೊರ ಅಂಚಿನ ಕಲ್ಲು ಗೋಡೆಗಿಂತ ಒಂದು ಇಂಚು ಮುಂದೆ ಚಾಚಿ, ಅಡಿಯಲ್ಲಿ ಒಂದು ಗೀರು ಕೊಯ್ದಿರಲಿ. ಹರಿದ ನೀರು ಆ ಗೀರಿನಲ್ಲಿ ತೊಟ್ಟಿಕ್ಕುತ್ತದೆ, ಗೋಡೆಯ ಗಾರೆಯನ್ನು ನೆಕ್ಕುವುದಿಲ್ಲ. ಹೊಸ ಪಾಯದ ಬುಡಕ್ಕೆ ನೀರು ಇಂಗದಂತೆ ಸುತ್ತಲೂ ಎರಡು ಅಡಿ ಅಗಲದ ಕಾಂಕ್ರೀಟ್ ಪಟ್ಟಿ, ಅದಕ್ಕೂ ಹೊರಗೆ ವಾಟ.

ಎಲ್ಲ ಮುಗಿದ ಮೇಲೆ, ಕೆಲಸದವರ ಬಾಕಿ ಚುಕ್ತಾ ಮಾಡುವ ಮುನ್ನ, ಗೋಡೆಯ ಬದಿಯಿಂದ ನಾಲ್ಕೈದು ಬಕೆಟ್ ನೀರು ಸುರಿಯಿರಿ. ಅರ್ಧ ಗಂಟೆಯ ನಂತರವೂ ಎಲ್ಲಾದರೂ ನೀರು ನಿಂತಿದ್ದರೆ ಅಲ್ಲಿಗೆ ಸೀಮೆಸುಣ್ಣದ ಗೆರೆ ಹಾಕಿ ತೋರಿಸಿ. ಮೊದಲ ಮಳೆಗಾಲ ಕಳೆದ ಮೇಲೆ ಸಂದನ್ನೊಮ್ಮೆ ಬಗ್ಗಿ ನೋಡಿ: ಹೊಸ ಬದಿ ಒಂದೆರಡು ಮಿ.ಮೀ. ಇಳಿದಿದ್ದರೆ ಗಾಬರಿ ಬೇಡ, ಅದಕ್ಕಾಗಿಯೇ ಬಿಟ್ಟ ಜಾಗ ಅದು. ಸೀಲಂಟ್ ಅಂಚಿನಲ್ಲಿ ಬಿಟ್ಟಿದ್ದರೆ ಹಳೆಯದನ್ನು ಬ್ಲೇಡಿನಿಂದ ಪೂರ್ತಿ ಕೆರೆದು ತೆಗೆದು ಹೊಸದು ತುಂಬಿ. ಹಳೆಯದರ ಮೇಲೇ ಸವರಿದರೆ ಹಿಡಿಯುವುದಿಲ್ಲ.